ಮುರಿದ ಮಣಿಕಟ್ಟಿಗೆ ಮೂರು ಗಂಟು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿದ್ದು ಒಂದಾದ ಮೇಲೊಂದು ಮಾಡಲಿ ಎಂದು. ನಮ್ಮಪ್ಪ ಎರಡನ್ನೂ ಒಂದೇ ಬೇಸಿಗೆಗೆ ಇಟ್ಟುಕೊಂಡರು. ಜಯನಗರದಲ್ಲಿ ಸೈಟು ಸಿಕ್ಕಿತ್ತು, ಬಸವನಗುಡಿಯಲ್ಲಿ ನನಗೆ ಹೆಣ್ಣೂ ಸಿಕ್ಕಿತ್ತು. ಎರಡರಲ್ಲಿ ಯಾವುದನ್ನು ಮುಂದೂಡಿದರೂ ಕೈತಪ್ಪಿ ಹೋಗುತ್ತದೆ ಎಂಬುದು ಅವರ ವಾದ. ಸೈಟಿನ ವಿಷಯ ನನಗೆ ಗೊತ್ತಿಲ್ಲ. ಹೆಣ್ಣಿನ ವಿಷಯದಲ್ಲಿ ಅಪ್ಪನ ಮಾತಿಗೆ ನನ್ನದೇನೂ ತಕರಾರಿರಲಿಲ್ಲ.

ಐವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಆಗಿನ ಜಯನಗರ ಎಂದರೆ ಗಡಿಕಲ್ಲು ನೆಟ್ಟ ಬಯಲು. ರಸ್ತೆಗಳು ಮಾತ್ರ ಬಲು ಅಗಲ. ಮನೆಗಳು ಅಲ್ಲೊಂದು ಇಲ್ಲೊಂದು. ಬನಶಂಕರಿ ಕಡೆಯ ಹೊಲಗಳಿಂದ ಹೆಂಗಸರು ಬುಟ್ಟಿಯಲ್ಲಿ ಅವರೆಕಾಯಿ, ಸೊಪ್ಪು ಹೊತ್ತು ತಂದು, ಮನೆ ಇನ್ನೂ ಎದ್ದಿರದ ಸೈಟುಗಳ ಮುಂದೆಯೂ ಅಭ್ಯಾಸಬಲದಿಂದ ಒಮ್ಮೆ ಕೂಗಿ ಹೋಗುತ್ತಿದ್ದರು. ಬಸವನಗುಡಿಯ ನೆಂಟರು ನಮ್ಮನ್ನು ‘ಕಾಡಿಗೆ ಹೋದೋರು’ ಎಂದು ಕರೆಯುತ್ತಿದ್ದರು. ಈಗ ಅದೇ ನೆಂಟರ ಮೊಮ್ಮಕ್ಕಳು ಇಲ್ಲಿ ಗಾಡಿ ನಿಲ್ಲಿಸುವುದಕ್ಕೆ ಜಾಗವಿಲ್ಲ ಎಂದು ನನ್ನ ಮೇಲೆ ರೇಗುತ್ತಾರೆ. ರೇಗಲಿ ಬಿಡಿ, ನನಗೇನು.

ಬಾಡಿಗೆ ಮನೆ ಬಿಟ್ಟು ಅಪ್ಪ, ಅಮ್ಮ, ನಾನು ಮೂವರೂ ಅರ್ಧ ಕಟ್ಟಿದ ಮನೆಗೇ ಬಂದು ಸೇರಿಕೊಂಡಿದ್ದೆವು. ಹಿಂದಿನ ಅಡುಗೆಮನೆ, ಒಂದು ಕೋಣೆ ಮುಗಿದಿದ್ದವು. ಮುಂದಿನ ಹಜಾರಕ್ಕೆ ಆಗತಾನೆ ತಾರಸಿ ಹಾಕಿತ್ತು. ಬಾಗಿಲಿಗೆ ಚೌಕಟ್ಟು ಇತ್ತು, ಬಾಗಿಲಿರಲಿಲ್ಲ. ಕಿಟಕಿಗೆ ಜಾಗ ಇತ್ತು, ಕಿಟಕಿ ಇರಲಿಲ್ಲ. ಕಾಂಪೌಂಡಂತೂ ಅಪ್ಪನ ಕನಸಿನಲ್ಲಿ ಮಾತ್ರ ಇತ್ತು. ದಾರಿಯಲ್ಲಿ ಹೋಗುವವರು ನಮ್ಮ ಮನೆಯಲ್ಲಿ ಇವತ್ತು ಏನು ಹುಳಿ ಎಂದು ನಡಿಗೆ ನಿಧಾನ ಮಾಡದೆಯೇ ಹೇಳಿಬಿಡಬಹುದಿತ್ತು.

ಹುಡುಗಿಯನ್ನು ನಾನು ನೋಡಿದ್ದು ಒಂದೇ ಸಲ. ಅವಳು ತಟ್ಟೆ ತಂದಿಟ್ಟಳು, ನಾನು ಗಾಬರಿಯಲ್ಲಿ ಕೇಸರಿಬಾತನ್ನು ಷರ್ಟಿನ ಮೇಲೆ ಬೀಳಿಸಿಕೊಂಡೆ, ಅವಳು ಸೆರಗಿನ ತುದಿ ಕಚ್ಚಿಕೊಂಡು ಒಳಗೆ ಓಡಿದಳು. ಒಳಗಿನಿಂದ ನಗು ಕೇಳಿಸಿತು. ಅಷ್ಟೇ. ಒಂದು ಮಾತಿಲ್ಲ, ಕತೆಯಿಲ್ಲ. ಆದರೆ ಆಮೇಲೆ ಆಫೀಸಿನಲ್ಲಿ ಕೂತು ಫೈಲು ನೋಡುತ್ತಿದ್ದರೂ ಆ ನಗು ಕೇಳಿಸುತ್ತಿತ್ತು. ಮದುವೆಯಾದರೆ ಇವಳನ್ನೇ ಎಂದು ನಿರ್ಧರಿಸಿಬಿಟ್ಟಿದ್ದೆ. ನನ್ನನ್ನು ಯಾರೂ ಕೇಳಿರಲಿಲ್ಲ, ಆ ಮಾತು ಬೇರೆ. ವೈಶಾಖದಲ್ಲಿ ಮುಹೂರ್ತ ಇಟ್ಟರು.

ಮನೆ ಕಟ್ಟಿದವರಿಗೆ ಗೊತ್ತು, ಹೊಸ ತಾರಸಿ ಹಸುಗೂಸಿದ್ದ ಹಾಗೆ. ಹೊತ್ತುಹೊತ್ತಿಗೆ ನೀರು ಕುಡಿಸುತ್ತಿರಬೇಕು. ತಾರಸಿಯ ಮೇಲೆ ಮಣ್ಣಿನ ಸಣ್ಣ ಬದು ಕಟ್ಟಿ ನೀರು ನಿಲ್ಲಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಒಂದು ಭಾನುವಾರ ಬೆಳಿಗ್ಗೆ ನೀರು ತುಂಬಿಸಿ ಸರ್ವೆ ಮರದ ಏಣಿಯಲ್ಲಿ ಇಳಿಯುತ್ತಿದ್ದೆ. ಕಾಲು ಒದ್ದೆ, ಏಣಿ ಒದ್ದೆ, ಮನಸ್ಸು ಬಸವನಗುಡಿಯಲ್ಲಿ. ಕೊನೆಯ ಮೆಟ್ಟಿಲುಗಳನ್ನು ನಾನು ಇಳಿಯಲಿಲ್ಲ, ಅವೇ ನನ್ನನ್ನು ಇಳಿಸಿದವು. ಬಲ ಅಂಗೈ ಊರಿ ದೊಪ್ಪನೆ ಬಿದ್ದೆ. ಮರಳಿನ ಗುಡ್ಡೆ ಪಕ್ಕದಲ್ಲೇ ಇತ್ತು. ನಾನು ಅದನ್ನು ಬಿಟ್ಟು ಜಲ್ಲಿಕಲ್ಲಿನ ಮೇಲೆ ಬಿದ್ದೆ.

ಎದ್ದು ನೋಡಿದರೆ ಮಣಿಕಟ್ಟು ನನ್ನದಲ್ಲ ಎನ್ನಿಸುವ ಹಾಗಿತ್ತು. ಕೈ ಮೊಣಕೈಯಿಂದ ನೆಟ್ಟಗೆ ಬಂದು, ಮಣಿಕಟ್ಟಿನ ಹತ್ತಿರ ಮೇಲಕ್ಕೆ ಡೊಂಕಾಗಿ, ಮತ್ತೆ ಕೆಳಕ್ಕೆ ಇಳಿದಿತ್ತು. ಸೌಟಿನ ಹಿಡಿ ಬಗ್ಗಿದ ಹಾಗೆ. ನೋವು ಒಂದು ಕ್ಷಣ ತಡವಾಗಿ ಬಂತು. ಬಂದಿದ್ದು ಮಾತ್ರ ಬಡ್ಡಿಸಮೇತ ಬಂತು. “ಅಮ್ಮಾ!” ಎಂದು ಅರಚಿದೆ.

ಅಮ್ಮ ಸೌದೆ ಊದುತ್ತಿದ್ದವರು ಊದುಕೊಳವೆಯ ಸಮೇತ ಓಡಿಬಂದರು. “ಅಯ್ಯೋ ರಾಮ! ಏನೋ ಇದು! ಮದುಮಗ ಕಣೋ ನೀನು!” ಎಂದರು, ಮದುಮಕ್ಕಳ ಮೂಳೆ ಮುರಿಯಕೂಡದು ಎಂದು ಎಲ್ಲಾದರೂ ಬರೆದಿದೆ ಎನ್ನುವ ಹಾಗೆ. ಅಪ್ಪ ಬಂದು ಕೈಯನ್ನು ನೋಡಿ, ಏಣಿಯನ್ನು ನೋಡಿ, ತಾರಸಿಯ ಕಡೆ ನೋಡಿ, “ನೀರು ಪೂರ್ತಿ ತುಂಬಿಸಿದ್ಯಾ?” ಎಂದು ಕೇಳಿದರು. ಗಾಬರಿಯಾದಾಗ ಅವರಿಗೆ ಬೇರೆ ಮಾತು ಹೊರಡುತ್ತಿರಲಿಲ್ಲ. ಅಮ್ಮ ಊದುಕೊಳವೆ ಎತ್ತಿದ್ದು ನೋಡಿ ಎರಡು ಹೆಜ್ಜೆ ಹಿಂದೆ ಸರಿದರು.

ಅಷ್ಟರಲ್ಲಿ ಗಾರೆ ಮೇಸ್ತ್ರಿ ಬಂದ. ಕನಕಪುರ ರಸ್ತೆಯ ಕಡೆ ಹಳ್ಳಿಯೊಂದರಲ್ಲಿ ಮೂಳೆ ಕಟ್ಟುವವನೊಬ್ಬನಿದ್ದಾನೆ, ಎತ್ತಿನ ಕಾಲಿಂದ ಹಿಡಿದು ಮನುಷ್ಯರ ಸೊಂಟದವರೆಗೆ ಎಲ್ಲ ಕೂಡಿಸುತ್ತಾನೆ ಎಂದ. ಅಮ್ಮನಿಗೆ ಆಸ್ಪತ್ರೆಯೆಂದರೆ ಆಗದು. ಕೂಡಲೇ ಸೆರಗು ಸಿಕ್ಕಿಸಿ ಹೊರಟೇಬಿಟ್ಟರು. ಹೊರಡುವಾಗ ಸುಮ್ಮನಿರದೆ, “ಏನು ಹಾಕಿ ಕಟ್ತಾನಪ್ಪಾ?” ಎಂದು ಕೇಳಿದರು.

“ಸೊಪ್ಪು ಅರೆದು ಹಾಕ್ತಾನಮ್ಮ. ಆಮೇಲೆ ಮೊಟ್ಟೆ ಬಿಳೀದು ಬಳಿದು, ಬಿದಿರು ದಬ್ಬೆ ಇಟ್ಟು ಬಿಗೀತಾನೆ.”

“ಮೊಟ್ಟೇನಾ?”

“ಕೋಳಿ ಮೊಟ್ಟೆ ಕಣಮ್ಮ. ನಾಟೀದೇ ಆಗ್ಬೇಕು.”

ಅಮ್ಮ ಸೆರಗು ಬಿಚ್ಚಿದರು. ಹೊಸ ಮನೆ, ಮುಂದೆ ದೇವರ ಸಮಾರಾಧನೆ, ನಾಂದಿ, ಮದುವೆ. ಮಗ ವಾರಗಟ್ಟಲೆ ಮೊಟ್ಟೆಯ ಕೈಯಲ್ಲಿ ಮನೆಯೆಲ್ಲ ಓಡಾಡುವುದನ್ನು ಒಂದು ಗಳಿಗೆ ಕಣ್ಣಮುಂದೆ ತಂದುಕೊಂಡಿರಬೇಕು. “ಏನೂಂದ್ರೆ, ಜಟಕಾ ಕರೀರಿ. ದೊಡ್ಡಾಸ್ಪತ್ರೆಗೇ ಹೋಗೋಣ” ಎಂದರು. ವಿಜ್ಞಾನದ ಮೇಲಿನ ಭರವಸೆಯಿಂದ ಆಸ್ಪತ್ರೆಗೆ ಹೋದವರು ಇರಬಹುದು. ನಾನು ಹೋದದ್ದು ಮೊಟ್ಟೆಯ ದಯದಿಂದ.

ಜಟಕಾದ ಕುಲುಕಾಟವನ್ನು ವರ್ಣಿಸುವುದಿಲ್ಲ. ದಾರಿಯ ಒಂದೊಂದು ಗುಂಡಿಯೂ ನನ್ನ ಮೂಳೆಯನ್ನು ಮಾತಾಡಿಸಿಕೊಂಡೇ ಬಂತು. ಆಸ್ಪತ್ರೆಯಲ್ಲಿ ಡಾಕ್ಟರು ನನ್ನ ಕೈ ನೋಡಿದವರೇ, ಬಹಳ ದಿನದ ಮೇಲೆ ಹಳೆಯ ಸ್ನೇಹಿತ ಸಿಕ್ಕಿದ ಹಾಗೆ ಖುಷಿಪಟ್ಟರು. ಎಕ್ಸ್‌ರೇ ತೆಗೆಸಿ, ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನಮ್ಮ ಮೂವರಿಗೂ ಪಾಠ ಮಾಡಿದರು.

“ನೋಡಿ, ಮುಂಗೈಯಲ್ಲಿ ಎರಡು ಮೂಳೆ. ಹೆಬ್ಬೆರಳ ಕಡೇದು ಇದು, ದಪ್ಪಂದು. ಬೀಳುವಾಗ ಎಲ್ರೂ ಅಂಗೈ ಊರ್ತಾರೆ, ಅದು ಮನುಷ್ಯನ ಸ್ವಭಾವ. ಮೈ ಭಾರವೆಲ್ಲ ಬಂದು ಈ ತುದೀಲಿ ಕೂತ್ಕೊಳ್ಳುತ್ತೆ. ಇಲ್ಲಿ ಮುರಿದಿದೆ, ತುಂಡು ಹಿಂದಕ್ಕೆ ಸರಿದಿದೆ. ಅದಕ್ಕೇ ಕೈ ಡೊಂಕು ಕಾಣೋದು. ಎಳೆದು ಸರಿ ಕೂರಿಸಿ ಕಟ್ಟು ಹಾಕಿದ್ರೆ ಮೂಳೆ ತಾನೇ ಕೂಡ್ಕೊಳ್ಳುತ್ತೆ. ನಮ್ಮ ಕೆಲಸ ಅದನ್ನ ಅಲುಗದ ಹಾಗೆ ಇಡೋದು, ಅಷ್ಟೇ.”

ಅಮ್ಮ ಎಕ್ಸ್‌ರೇಯನ್ನು ಬಹಳ ಹೊತ್ತು ನೋಡಿ, “ಎಷ್ಟು ಸಣ್ಣ ಆಗಿದಾನೆ ನೋಡಿ, ಮೂಳೆ ಎಲ್ಲ ಕಾಣುತ್ತೆ” ಎಂದು ಕಣ್ಣೊರೆಸಿಕೊಂಡರು. ಡಾಕ್ಟರು ನಗಲಿಲ್ಲ. ದೊಡ್ಡ ಮನುಷ್ಯರು.

ಮೂಗಿಗೆ ಏನೋ ಹಿಡಿದು ಮಂಪರು ಬರಿಸಿ, ಒಬ್ಬರು ಮೊಣಕೈ ಹಿಡಿದುಕೊಂಡು, ಇನ್ನೊಬ್ಬರು ಬೆರಳು ಹಿಡಿದು ಎಳೆದರಂತೆ. ನನಗೆ ಎಚ್ಚರವಾದಾಗ ಒದ್ದೆ ಬಟ್ಟೆ ಸುತ್ತಿದ್ದ ಕೈ ಬೆಚ್ಚಗಾಗುತ್ತಿತ್ತು. ಪ್ಲಾಸ್ಟರ್ ಗಟ್ಟಿಯಾಗುವಾಗ ಹಾಗೆ ಬಿಸಿಯಾಗುತ್ತದಂತೆ. ಅಂಗೈಯಿಂದ ಮೊಣಕೈಯ ಕೆಳಗಿನವರೆಗೆ ಬೆಳ್ಳಗೆ ಕಟ್ಟು. ಬೆರಳು ಮಾತ್ರ ಹೊರಗೆ. ಕೈಯನ್ನು ಎದೆಯ ಎತ್ತರಕ್ಕೆ ಇಟ್ಟುಕೊಳ್ಳಬೇಕು, ಬೆರಳು ನೀಲಿಯಾದರೆ, ಜೋಮು ಹಿಡಿದರೆ ಆ ಕ್ಷಣ ಓಡಿಬರಬೇಕು, ಒಳಗೆ ಕೆರೆಯುತ್ತದೆಂದು ಕಡ್ಡಿ ತೂರಿಸಕೂಡದು, ನೀರು ಸೋಕಿಸಕೂಡದು ಎಂದು ಡಾಕ್ಟರು ಹೇಳಿದರು. ಆರು ವಾರ ಹೀಗೇ ಇರಬೇಕು ಎಂದಾಗ ಅಮ್ಮನ ಮುಖ ಬಿಳುಪಾಯಿತು. ಮದುವೆಗೆ ಇನ್ನು ಒಂದು ತಿಂಗಳೂ ಇರಲಿಲ್ಲ.

“ಡಾಕ್ಟ್ರೇ, ಇವನು ತಾಳಿ ಕಟ್ಬೇಕು. ಮೂರು ಗಂಟು ಹಾಕ್ಬೇಕು.”

ಡಾಕ್ಟರು ನನ್ನ ಬೆರಳುಗಳನ್ನು ಒಂದೊಂದಾಗಿ ಮಡಿಸಿ ಬಿಡಿಸಿದರು. “ಬೆರಳನ್ನ ನಾನೇನು ಕಟ್ಟಿಲ್ಲಮ್ಮ. ಆಡಿಸ್ತಾನೇ ಇರ್ಬೇಕು, ಅದೇ ಅರ್ಧ ಔಷಧಿ. ಸುಮ್ನೆ ಇಟ್ರೆ ಬಿಗಿದು ಹೋಗುತ್ತೆ. ಭಾರ ಎತ್ತಬಾರ್ದು ಅಷ್ಟೇ. ಊತ ಇಳಿದ ಮೇಲೆ ದಿನಾ ದಾರ ಹಿಡ್ಕೊಂಡು ಗಂಟು ಹಾಕಿ ಅಭ್ಯಾಸ ಮಾಡ್ಲಿ. ಮದುವೆಗೂ ಆಯ್ತು, ಮೂಳೆಗೂ ಆಯ್ತು.”

ಮನೆಗೆ ಬಂದ ಮೇಲೆ ಅಪ್ಪ ಮದುವೆ ಮುಂದೂಡುವ ಮಾತೆತ್ತಿದರು. ಪಂಚಾಂಗ ಅಡ್ಡ ಬಂತು. ಮುಂದಿನದು ಜ್ಯೇಷ್ಠಮಾಸ, ಹಿರಿಮಗ ಹಿರಿಮಗಳ ಮದುವೆ ಜ್ಯೇಷ್ಠದಲ್ಲಿ ಕೂಡದು. ಅವಳು ಹಿರಿಮಗಳು. ನಾನು ಇರುವವನೇ ಒಬ್ಬ, ಹಾಗಾಗಿ ಹಿರಿಯವನೂ ನಾನೇ. ಆಮೇಲೆ ಆಷಾಢ, ಅದು ಯಾರಿಗೂ ಕೂಡದು. ಶ್ರಾವಣದವರೆಗೆ ಕಾಯಬೇಕು. ಅಷ್ಟು ದಿನ ಕಾದರೆ ಏನೇನೋ ಆಗಬಹುದು. ಬಾಯಿಬಿಟ್ಟು ಹೇಳುವ ಧೈರ್ಯವಿರಲಿಲ್ಲ. ಬೆರಳುಗಳನ್ನು ಜೋರಾಗಿ ಆಡಿಸಿ ತೋರಿಸಿದೆ.

ಅಮ್ಮ ಇನ್ನೊಂದು ಆಜ್ಞೆ ಹೊರಡಿಸಿದರು. ಕೈ ಮುರಿದ ಸುದ್ದಿ ಮನೆಯಿಂದ ಹೊರಗೆ ಹೋಗಕೂಡದು. ಬೀಗರಿಗೂ ತಿಳಿಯಕೂಡದು. ಮದುವೆಯ ದಿನ ಕಟ್ಟು ಕಂಡರೆ ಆಗಿನ ಮಾತು ಆಗ.

“ಮುಚ್ಚಿಡೋದು ಯಾಕೆ?” ಎಂದರು ಅಪ್ಪ.

“ಯಾಕೇಂದ್ರೆ? ಮದುವೆ ಗೊತ್ತಾಗಿದ್ದೇ ತಡ ಗಂಡು ಕೈ ಮುರ್ಕೊಂಡ ಅಂದ್ರೆ ಜನ ಏನಂತಾರೆ? ಏಣಿ ಜಾರ್ತು ಅನ್ನಲ್ಲ. ಹುಡುಗಿ ಕಾಲ್ಗುಣ ಅಂತಾರೆ. ಆ ಮಗು ಇನ್ನೂ ಈ ಮನೆ ಹೊಸ್ತಿಲು ದಾಟಿಲ್ಲ, ಆಗ್ಲೇ ಹೆಸರು ಬರುತ್ತೆ. ನಾನು ನಿಮ್ಮ ಮನೆಗೆ ಬಂದ ವಾರ ನಿಮ್ಮ ಹಸು ಸತ್ತು, ನಿಮ್ಮ ದೊಡ್ಡಮ್ಮ ಎಷ್ಟು ವರ್ಷ ಅಂದ್ರು ನನ್ನ? ಆ ಹಸೂಗೆ ನನಗಿಂತ ಹೆಚ್ಚು ವಯಸ್ಸಾಗಿತ್ತು!”

ಹಸುವಿನ ವಿಷಯ ಬಂದದ್ದೇ ಅಪ್ಪ ತಾರಸಿಯ ನೀರು ನೋಡಲು ಎದ್ದುಹೋದರು. ನನಗೆ ಅಮ್ಮನ ಮೇಲೆ ಆ ದಿನ ಉಕ್ಕಿದ ಪ್ರೀತಿಯನ್ನು ಹೇಗೆ ಹೇಳಲಿ. ಇನ್ನೂ ಮನೆಗೆ ಬಾರದ ಸೊಸೆಗಾಗಿ ಊರನ್ನೇ ಎದುರು ಹಾಕಿಕೊಳ್ಳಲು ನಿಂತಿದ್ದರು. ಆಫೀಸಿಗೆ ರಜೆ ಹಾಕಿ ಮನೆಯಲ್ಲೇ ಉಳಿದೆ. ಹೊರಗೆ ನಿಂತರೆ ಕೈ ಮೇಲೊಂದು ಶಲ್ಯ ಹೊದ್ದುಕೊಳ್ಳುತ್ತಿದ್ದೆ. ಎಡಗೈಯಲ್ಲಿ ಉಣ್ಣುವುದನ್ನು ಅಮ್ಮ ಒಪ್ಪಲಿಲ್ಲ. ಚಮಚ ತರುತ್ತೇನೆಂದ ಅಪ್ಪನನ್ನೂ ಗದರಿಸಿದರು. ಕಲಸಿ ಕೈತುತ್ತು ಹಾಕಿದರು. ಆ ವಯಸ್ಸಿಗೆ, ಮೀಸೆ ಇಟ್ಟುಕೊಂಡು, ಕುಕ್ಕರಗಾಲಲ್ಲಿ ಕೂತು ಸಾರನ್ನ ತಿಂದೆ. ನಾಚಿಕೆಯಾಯಿತೆಂದರೆ ಸುಳ್ಳು. ಎರಡು ತುತ್ತು ಜಾಸ್ತಿಯೇ ತಿನ್ನುತ್ತಿದ್ದೆ.

ಮನೆಯಲ್ಲಿ ಗಾರೆಯ ಗೋಡೆಗೆ ದಿನಾ ನೀರು ಹಾಕಬೇಕು, ಕೈಯ ಗಾರೆಗೆ ಒಂದು ಹನಿ ಸೋಕಬಾರದು. ಅಮ್ಮನಿಗೆ ಇದು ಅರ್ಥವಾಗಲೇ ಇಲ್ಲ. “ಒಣಗಿ ಬಿರುಕು ಬಿಟ್ರೆ?” ಎಂದು ಕಟ್ಟನ್ನು ಅನುಮಾನದಿಂದ ನೋಡುತ್ತಿದ್ದರು. ಒಂದು ಸಲ ಒದ್ದೆ ಬಟ್ಟೆ ಹಿಡಿದು ಹತ್ತಿರ ಬಂದಾಗ ನಾನು ಹಿತ್ತಲಿಗೆ ಓಡಿದೆ.

ಊತ ಇಳಿದ ಮೇಲೆ ಗಂಟಿನ ಅಭ್ಯಾಸ ಶುರುವಾಯಿತು. ಕಟ್ಟುವುದು ಎಲ್ಲಿಗೆ? ಕಿಟಕಿಗೆ ಸರಳಿಲ್ಲ, ಬಾಗಿಲಿಗೆ ಚಿಲಕವಿಲ್ಲ. ಕಂಬಕ್ಕೆ ಕಟ್ಟಿದರೆ ಅಳತೆ ಸರಿಯಿಲ್ಲ. ಕೊನೆಗೆ ಅಮ್ಮ ಹಿತ್ತಾಳೆ ಬಿಂದಿಗೆ ತಂದರು. “ಇದಕ್ಕೆ ಕತ್ತು ಸರಿಯಾಗಿದೆ” ಎಂದರು. ಬಿಂದಿಗೆಯನ್ನು ಮಣೆಯ ಮೇಲಿಟ್ಟು, ನಾನು ಅದರ ಹಿಂದೆ ಕೂತು, ಪ್ಲಾಸ್ಟರಿನ ಭಾರವನ್ನು ಬಿಂದಿಗೆಯ ಭುಜದ ಮೇಲೆ ಇಳಿಬಿಟ್ಟು, ಬೆರಳ ತುದಿಯಲ್ಲಿ ದಾರ ಹಿಡಿದೆ. ಮೊದಲ ದಿನ ಗಂಟೇ ಬೀಳಲಿಲ್ಲ. ಹೆಬ್ಬೆರಳು ತೋರುಬೆರಳು ಒಂದಕ್ಕೊಂದು ಪರಿಚಯವಿಲ್ಲದವರ ಹಾಗೆ ಆಡುತ್ತಿದ್ದವು. ದಿನ ಕಳೆದಂತೆ ದಾರಿಗೆ ಬಂದವು. ಗಂಟು ಬಿದ್ದ ದಿನ ನಾನು ಕೂಗಿದ ಕೂಗಿಗೆ ಮೇಸ್ತ್ರಿ ಕರಣೆ ಬಿಟ್ಟು ಓಡಿಬಂದ.

ಇಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಅಮ್ಮ ಯಾವ ಕೆಲಸವನ್ನೂ ಬರಿದೇ ಮಾಡುವವರಲ್ಲ. ನಿಜವಾದ ತಾಳಿಯ ದಾರಕ್ಕೆ ಅರಿಶಿನ ಇರುತ್ತದೆ, ಅದಕ್ಕೆ ಬೆರಳು ಒಗ್ಗಬೇಕು ಎಂದು ದಾರಕ್ಕೆ ಅರಿಶಿನ ಹಚ್ಚಿದರು. ಶುಕ್ರವಾರ ಬಂತು, ಬಿಂದಿಗೆಯನ್ನು ಹುಣಿಸೆಹಣ್ಣು ಹಾಕಿ ಬೆಳಗಿ, ಪ್ರತಿ ಶುಕ್ರವಾರದ ಹಾಗೆ ಕುಂಕುಮ ಇಟ್ಟು, ಒಂದು ಎಸಳು ಹೂವನ್ನೂ ಮುಡಿಸಿದರು. ನಾನು ಶಲ್ಯ ಹೊದ್ದು ಬೆನ್ನು ಬೀದಿಗೆ ಮಾಡಿ ಗಂಟು ಹಾಕುತ್ತ ಕೂತೆ. ಅಮ್ಮ ಪಕ್ಕದಲ್ಲಿ ಹೂ ಕಟ್ಟುತ್ತ, ಮದುವೆಯ ದಿನ ಹಾಡಬೇಕಾದ ಸೋಬಾನೆಯನ್ನು ಗುನುಗಿಕೊಂಡರು.

ಬಾಗಿಲಿಲ್ಲದ ಆ ಮನೆಗೆ, ಎದುರು ಸಾಲಿನಲ್ಲಿದ್ದ ಒಂದೇ ಒಂದು ಮನೆಯ ಯಜಮಾನಿ, ಹೆಪ್ಪಿಗೆಂದು ಲೋಟ ಹಿಡಿದು ಬಂದರು. ಬಂದವರು ಚೌಕಟ್ಟಿನ ಹತ್ತಿರ ನಿಂತರು. ಒಳಗೆ ನೋಡಿದರು. ಹೆಪ್ಪು ಕೇಳದೆ ಹೊರಟುಹೋದರು. ನಾನು ನೋಡಲಿಲ್ಲ. ಅಮ್ಮ ನೋಡಿದರು. “ಯಾಕೋ ಹಾಗೇ ಹೋದ್ರು, ಪಾಪ” ಎಂದರು.

ಅವರು ಕಂಡದ್ದು ಏನೆಂದು ನಮಗೆ ತಿಳಿದಿದ್ದು ಆಮೇಲೆ. ಜಾತಕದಲ್ಲಿ ಕುಜದೋಷ ಇದ್ದರೆ ನಮ್ಮಲ್ಲಿ ಕುಂಭವಿವಾಹ ಅಂತ ಒಂದು ಮಾಡುತ್ತಾರೆ. ಮೊದಲು ಕುಂಭಕ್ಕೆ, ಅಂದರೆ ಕೊಡಕ್ಕೆ, ಮದುವೆ; ದೋಷವೆಲ್ಲ ಅದಕ್ಕೆ ತಾಕಿ ಹೋಗುತ್ತದೆ; ಆಮೇಲೆ ಮನುಷ್ಯರ ಜೊತೆ ಮದುವೆ. ಅರಿಶಿನದ ದಾರ, ಕುಂಕುಮ ಇಟ್ಟ ಬಿಂದಿಗೆ, ಶಲ್ಯ ಹೊದ್ದ ವರ, ಸೋಬಾನೆ ಹಾಡುವ ತಾಯಿ. ಇನ್ನೇನು ಬೇಕು? ಕುಂಭವಿವಾಹ ಸಾಮಾನ್ಯವಾಗಿ ಹೆಣ್ಣಿಗೆ ಮಾಡುವುದು ಎಂದು ಯಾರೂ ನೆನಪು ಮಾಡಿಕೊಳ್ಳಲಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ನಾವು. ಎದುರುಮನೆಯಾಕೆ ಬಸವನಗುಡಿಯ ಭಜನೆಗೆ ಹೋಗುತ್ತಿದ್ದರು. ಹುಡುಗಿಯ ಸೋದರತ್ತೆಯೂ ಅದೇ ಭಜನೆಗೆ ಬರುತ್ತಿದ್ದರು. ಅವತ್ತು ಸಂಜೆ ಮಂಗಳಾರತಿಯ ಹೊತ್ತಿಗೆ ಸುದ್ದಿ ಕೈಬದಲಾಗಿತ್ತು: ಗಂಡಿಗೆ ಕುಜದೋಷ, ಮುಚ್ಚಿಟ್ಟಿದ್ದಾರೆ, ಕದ್ದು ಬಿಂದಿಗೆಗೆ ತಾಳಿ ಕಟ್ಟಿಸಿದ್ದಾರೆ.

ಮಾರನೆಯ ಬೆಳಿಗ್ಗೆಯೇ ಹುಡುಗಿಯ ತಂದೆ ಬಂದರು. ಸ್ಕೂಲು ಮೇಷ್ಟ್ರು, ಎಂದೂ ಗಟ್ಟಿಯಾಗಿ ಮಾತಾಡಿದವರಲ್ಲ. ಕೊಟ್ಟ ನೀರು ಮುಟ್ಟಲಿಲ್ಲ. ಚಾಪೆಯ ಅಂಚಿನಲ್ಲಿ ಕೂತು ಕೊಡೆಯ ಹಿಡಿಯನ್ನೇ ತಿರುವುತ್ತಿದ್ದರು. ನಾನು ಒಳಕೋಣೆಯಲ್ಲಿದ್ದೆ.

“ಬೀಗರೇ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ” ಎಂದರು. “ನಮ್ಮ ಹತ್ರ ಏನಾದ್ರೂ ಮುಚ್ಚಿಟ್ಟಿದೀರಾ?”

ಅಪ್ಪ ಸುಳ್ಳು ಹೇಳಲಾರದ ಮನುಷ್ಯ. ತಲೆ ತಗ್ಗಿಸಿ, “ಹೌದು” ಎಂದುಬಿಟ್ಟರು.

ಮೇಷ್ಟ್ರು ಎದ್ದು ನಿಂತರು. “ಹಾಗಾದ್ರೆ ಇದು ಇಲ್ಲಿಗೇ ಸಾಕು ಸ್ವಾಮಿ. ಹೇಳಿದ್ದಿದ್ರೆ ನಾನೇ ಜೋಯಿಸರನ್ನ ಕೇಳ್ತಿದ್ದೆ. ಕದ್ದು ಬಿಂದಿಗೆ ಜೊತೆ ಮದುವೆ ಮಾಡಿಸೋ ಅಗತ್ಯ ಏನಿತ್ತು?”

ಅಡುಗೆಮನೆಯಿಂದ ಅಮ್ಮ ಬಂದರು, ಕೈಯಲ್ಲಿ ಕಾಫಿ ಲೋಟ. “ಬಿಂದಿಗೆ ಜೊತೆ ಮದುವೇನಾ? ಯಾರಿಗೆ?” ಎಂದರು. “ಏ, ಬಾರೋ ಇಲ್ಲಿ! ಶಲ್ಯ ತೆಗಿ. ಕೈ ತೋರ್ಸು ನಿಮ್ಮ ಮಾವನೋರಿಗೆ!”

ಹೋದೆ. ತೋರಿಸಿದೆ. ಮೇಷ್ಟ್ರು ಬಾಯಿ ತೆರೆದು ನಿಂತರು. ಅಮ್ಮ ಒಂದೇ ಉಸಿರಿಗೆ ಎಲ್ಲ ಹೇಳಿದರು: ಏಣಿ, ಜಲ್ಲಿಕಲ್ಲು, ಡಾಕ್ಟರು, ದಾರ, ಬಿಂದಿಗೆ, ಶುಕ್ರವಾರ. ಕೊನೆಗೆ ದನಿ ಇಳಿಸಿ, “ಮುಚ್ಚಿಟ್ಟಿದ್ದು ನಿಜ. ನಿಮ್ಮ ಮಗಳ ಕಾಲ್ಗುಣಕ್ಕೆ ಜನ ಹೆಸರಿಡಬಾರದು ಅಂತ. ಬೇರೆ ಏನೂ ಇಲ್ಲ” ಎಂದರು.

ಮೇಷ್ಟ್ರು ಬೆರಳ ಗೆಣ್ಣಿನಿಂದ ನನ್ನ ಪ್ಲಾಸ್ಟರನ್ನು ಟಕ್ ಟಕ್ ಎಂದು ತಟ್ಟಿ ನೋಡಿದರು. ಗಟ್ಟಿಯಿತ್ತು. ಅವರ ಮುಖ ಒಂಥರಾ ಆಯಿತು, ಅಳುತ್ತಾರೇನೋ ಎಂದುಕೊಂಡೆ. ನಕ್ಕರು. ಚಾಪೆಯ ಮೇಲೆ ಕುಸಿದು ಕೂತು, ಕೊಡೆ ಒಂದು ಕಡೆ, ರುಮಾಲು ಒಂದು ಕಡೆ ಬಿದ್ದು ಹೊಟ್ಟೆ ಹಿಡಿದುಕೊಂಡು ನಕ್ಕರು. “ಕುಜ ಅಲ್ಲ! ಬರೀ ಏಣಿ!” ಎನ್ನುತ್ತಾ ಕಣ್ಣು ಒರೆಸಿಕೊಂಡರು. “ಅಳಿಯನ ಕೈ ಮುರಿದಿದೆ ಅಂತ ಯಾವ ಮಾವನೂ ಇಷ್ಟು ಸಂತೋಷಪಟ್ಟಿರಲಾರ ಬೀಗರೇ!” ಅಪ್ಪನೂ ನಕ್ಕರು. ನಕ್ಕ ರಭಸಕ್ಕೆ ಮೇಸ್ತ್ರಿ ಇಣುಕಿ ನೋಡಿದ. ಮೇಷ್ಟ್ರು ಕಾಫಿ ಕುಡಿದರು, ಇನ್ನೊಂದು ಲೋಟ ಕೇಳಿ ಕುಡಿದರು.

ಹೊರಡುವಾಗ ಮಾತ್ರ ಗಂಭೀರವಾದರು. ಇಂಥ ಕೈಯಲ್ಲಿ ಮದುವೆ ನಡೆದರೆ ನಾಲ್ಕು ಜನ ನಾಲ್ಕು ಮಾತು ಆಡೇ ಆಡುತ್ತಾರೆ, ಆ ಮಾತು ಕೇಳಬೇಕಾದವಳು ನನ್ನ ಮಗಳು, ಅವಳನ್ನೇ ಕೇಳಿ ಹೇಳುತ್ತೇನೆ ಎಂದರು. ಆ ಕಾಲದಲ್ಲಿ ಹಾಗೆ ಹೇಳಿದ ತಂದೆಯನ್ನು ನಾನು ಇನ್ನೊಬ್ಬರನ್ನು ಕಂಡಿಲ್ಲ. ಆದರೆ ಅವತ್ತು ನನಗೆ ಅವರ ದೊಡ್ಡತನ ಕಾಣಲಿಲ್ಲ, ಭಯ ಮಾತ್ರ ಕಂಡಿತು. ಅವಳು ಬೇಡ ಎಂದರೆ? ಅಮ್ಮನ ಕೈತುತ್ತು ಎರಡಕ್ಕೇ ಸಾಕೆಂದು ಎದ್ದುಬಿಟ್ಟೆ. ಬಿಂದಿಗೆಯ ಮುಖ ನೋಡಲೂ ಮನಸ್ಸಾಗಲಿಲ್ಲ.

ಸಂಜೆ ಮೇಷ್ಟ್ರು ಮತ್ತೆ ಬಂದರು, ಇಳಿಬಿಸಿಲಲ್ಲಿ ಸೈಕಲ್ ತುಳಿದುಕೊಂಡು. ಇಳಿಯುವ ಮೊದಲೇ ಅವರ ಕಣ್ಣು ನಗುತ್ತಿದ್ದವು. “ಕೇಳ್ದೆ. ಎಲ್ಲ ಹೇಳ್ದೆ. ಸುಮ್ನೆ ಕೇಳಿಸ್ಕೊಂಡ್ಳು. ಕೊನೆಗೆ ಒಂದೇ ಮಾತು ಅಂದ್ಳು” ಎಂದು ನನ್ನ ಕಡೆ ತಿರುಗಿದರು. “ಅವರಿಗೆ ನೋವು ಇನ್ನೂ ಇದೆಯಾ ಅಂತ ಕೇಳ್ಕೊಂಡು ಬನ್ನಿ ಅಂದ್ಳು.”

ಇಲ್ಲ ಎಂದೆ. ಆ ಹೊತ್ತಿನಲ್ಲಿ ನನಗೆ ಯಾವ ನೋವೂ ಇರಲಿಲ್ಲ. ಅಮ್ಮ ಒಳಗೆ ಹೋಗಿ ದೇವರಿಗೆ ತುಪ್ಪದ ದೀಪ ಹಚ್ಚಿದರು.

ಕಟ್ಟು ಬಿಚ್ಚಿದ್ದು ಮದುವೆಯಾದ ಮೇಲೆ. ಅದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ಕೊನೆಗೆ ಹೇಳಬೇಕಾದದ್ದು ಬೇರೆ ಇದೆ. ಬಿಚ್ಚಿದ ದಿನ ಕೈ ನೋಡಿ ಹೆದರಿದೆ. ಸಣಕಲಾಗಿ, ಚರ್ಮವೆಲ್ಲ ಹೊಟ್ಟಿನ ಹಾಗೆ ಉದುರುತ್ತ, ಮಣಿಕಟ್ಟು ಮರದ ಕೊರಡಾಗಿತ್ತು. ಮೂಳೆ ಕೂಡಿದೆ, ಈಗ ಕೀಲು ಬಿಡಿಸುವ ಕೆಲಸ ನಿನ್ನದು ಎಂದರು ಡಾಕ್ಟರು. ಬೆಳಿಗ್ಗೆ ಸಂಜೆ ಬಿಸಿನೀರಲ್ಲಿ ಇಟ್ಟು ಆಡಿಸಬೇಕು, ರಬ್ಬರು ಚೆಂಡು ಹಿಸುಕಬೇಕು, ಒದ್ದೆ ಟವೆಲು ಹಿಂಡಬೇಕು. ಹೊಸ ಹೆಂಡತಿ ಇದನ್ನು ಬಹಳ ಶ್ರದ್ಧೆಯಿಂದ ಕೇಳಿಸಿಕೊಂಡಳು. ಆಮೇಲೆ ಚಪಾತಿ ಹಿಟ್ಟು ನಾದುವುದು, ತೆಂಗಿನಕಾಯಿ ತುರಿಯುವುದು, ಕಾಫಿಬೀಜದ ಮಿಲ್ಲು ತಿರುಗಿಸುವುದು, ಎಲ್ಲವೂ ವೈದ್ಯಕೀಯವಾಗಿ ನನ್ನ ಪಾಲಿಗೆ ಬಂದವು. ಕೈ ಎಂದೋ ಸರಿಹೋಯಿತು. ಔಷಧಿ ಇನ್ನೂ ನಿಂತಿಲ್ಲ.

ಇನ್ನು ಮದುವೆಯ ದಿನ. ಛತ್ರದ ತುಂಬ ಜನ. ಅರ್ಧ ಜನ ಮದುವೆಗೆ ಬಂದಿದ್ದರು, ಇನ್ನರ್ಧ ಬಿಂದಿಗೆಯ ಸವತಿಯನ್ನು ನೋಡಲು. ಕಂಕಣ ಕಟ್ಟುವಾಗ ಪುರೋಹಿತರು ನನ್ನ ಬಲಗೈ ಹಿಡಿದು ಹಿಂದೆ ಮುಂದೆ ನೋಡಿ, “ಇದೂ ಕೈನೇ ತಾನೆ” ಎಂದು ಪ್ಲಾಸ್ಟರಿನ ಮೇಲೇ ಬಿಗಿದರು. ಅಂತಃಪಟ ಸರಿದಾಗ ಎಡಗೈಯಲ್ಲಿ ಹಾಕಿದ ಜೀರಿಗೆ ಬೆಲ್ಲ ಅವಳ ತಲೆ ತಪ್ಪಿ ಪುರೋಹಿತರ ಹೆಗಲಿಗೆ ಬಿತ್ತು. ಎಲ್ಲರೂ ನಕ್ಕರು. ಅವಳೂ ನಕ್ಕಳು, ಈ ಸಲ ಒಳಗೆ ಓಡಲಿಲ್ಲ.

ಮಾಂಗಲ್ಯ ಕೈಗೆ ಬಂತು. ಪುರೋಹಿತರು ಬೆರಳೆತ್ತಿದರು, ವಾಲಗದವರು ಗಟ್ಟಿಮೇಳ ಹಿಡಿದರು, ಅಕ್ಷತೆ ಮಳೆ ಸುರಿಯಿತು. ಎಲ್ಲ ಬಿತ್ತು, ಗಂಟೊಂದು ಬೀಳಲಿಲ್ಲ. ಅಭ್ಯಾಸವೆಲ್ಲ ಆಗ ಕೈಕೊಟ್ಟಿತು. ಮನೆಯಲ್ಲಿ ಪ್ಲಾಸ್ಟರಿನ ಭಾರವನ್ನು ಬಿಂದಿಗೆಯ ಮೇಲೆ ಇಳಿಬಿಟ್ಟು ಕಟ್ಟುತ್ತಿದ್ದೆ. ಇಲ್ಲಿ ಎಲ್ಲಿ ಇಳಿಬಿಡಲಿ? ತಾಳಿ ಬೀಳುವ ಮೊದಲೇ, ಅಷ್ಟು ಜನರ ಎದುರಿಗೆ, ಹೆಣ್ಣಿನ ಮೈಮೇಲೆ ಕೈಯಿಡುವುದುಂಟೆ? ಕೈಯನ್ನು ಗಾಳಿಯಲ್ಲೇ ಎತ್ತಿ ಹಿಡಿದೆ. ಮೊಗ್ಗಿನ ಜಡೆ ಅಡ್ಡ, ಹಾರ ಅಡ್ಡ. ಬೆರಳು ಗಡಗಡ ನಡುಗಿ ದಾರ ಜಾರಿತು. ಇನ್ನೊಮ್ಮೆ ಹಿಡಿದೆ, ಇನ್ನೊಮ್ಮೆ ಜಾರಿತು. ಅಮ್ಮ ಎರಡೂ ಕೈಯಲ್ಲಿ ಆರತಿ ತಟ್ಟೆ ಹಿಡಿದು ದೂರದಲ್ಲಿ ನಿಂತಿದ್ದರು. ಅವರ ಮುಖ ನೋಡಲಾಗಲಿಲ್ಲ. “ಬೇಗ, ಮುಹೂರ್ತ” ಎಂದರು ಪುರೋಹಿತರು. ಯಾರೋ, “ಪಾಪ, ಬೇರೆ ಯಾರಾದ್ರೂ ಕಟ್ಟಿಸ್ಲಿ” ಎಂದರು. ಅಳು ಬಂದುಬಿಟ್ಟಿತು ನನಗೆ.

ತಲೆ ತಗ್ಗಿಸಿ ಕೂತಿದ್ದ ಅವಳು ತಲೆಯೆತ್ತದೆಯೇ ಹೇಳಿದಳು, ಹತ್ತಿರದವರಿಗೆಲ್ಲ ಕೇಳಿಸುವ ಹಾಗೆ.

“ಕೈ ನನ್ನ ಹೆಗಲ ಮೇಲೆ ಇಡಿ. ನನಗೆ ಭಾರ ಆಗಲ್ಲ.”

ಅವಳು ನನ್ನೊಂದಿಗೆ ಆಡಿದ ಮೊದಲ ಮಾತು ಅದು. ಪುರೋಹಿತರು ಕೆಮ್ಮಿದರು. ಹೆಂಗಸರ ಸಾಲಿನಲ್ಲಿ ಯಾರೋ ‘ಅಯ್ಯೋ’ ಎಂದರು. ನಾನು ಅವಳ ತಂದೆಯ ಕಡೆ ನೋಡಿದೆ. ಅವರು ಕಣ್ಣು ತುಂಬಿಕೊಂಡು, ಇಡು ಎಂದು ತಲೆಯಾಡಿಸಿದರು. ಇಟ್ಟೆ. ಪೂರ್ತಿ ಭಾರ ಬಿಟ್ಟೆ. ನಡುಕ ನಿಂತಿತು. ಒಂದು, ಎರಡು, ಮೂರು ಗಂಟೂ ಬಿಗಿಯಾಗಿ ಕೂತವು. ವಾಲಗ ನಿಂತಿತು. ಜನ ಕೂತರು.

“ಆಯ್ತಪ್ಪ, ಇನ್ನು ಕೈ ತೆಗೀಬಹುದು” ಎಂದರು ಪುರೋಹಿತರು.

ನಾನು ತೆಗೆಯಲಿಲ್ಲ.